ಟೇಪಕ್ಕ ಅಳಿಸಿದ ಇಪ್ಪತ್ತಾರು ಗುರುವಾರ

ಅವಳಿಗೆ ಟೇಪಕ್ಕ ಎಂದು ಹೆಸರಿಟ್ಟವರು ಯಾರೆಂದು ಅವಳಿಗೇ ನೆನಪಿರಲಿಲ್ಲ. ಟೆಲಿವಿಷನ್ ಕೇಂದ್ರದ ನೆಲಮಾಳಿಗೆಯಲ್ಲಿದ್ದ ಟೇಪು ಕೋಣೆಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿದವಳು ಐವತ್ತೆಂಟಕ್ಕೆ ನಿವೃತ್ತಳಾಗುವವರೆಗೂ ಅದೇ ಕೋಣೆಯಲ್ಲಿದ್ದಳು. ಕೊನೆಕೊನೆಗೆ ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ನೆಲದಿಂದ ಸೂರಿನವರೆಗೆ ಕಬ್ಬಿಣದ ಅಟ್ಟಣೆ, ಅದರ ತುಂಬ ಎರಡಿಂಚು ಅಗಲದ ಟೇಪು ಸುತ್ತಿದ ದೊಡ್ಡ ದೊಡ್ಡ ಸುರುಳಿಗಳು. ಒಂದೊಂದೂ ಹತ್ತು ಕಿಲೋ. ಟೇಪಿಗೆ ಸೆಕೆ ಆಗಬಾರದೆಂದು ಕೋಣೆಯನ್ನು ಸದಾ ತಣ್ಣಗಿಡುತ್ತಿದ್ದರು. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಟೇಪಕ್ಕ ಸ್ವೆಟರ್ ಏರಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಜನ ಪಾಪ, ಜ್ವರ ಇರಬೇಕು ಎಂದು ಜಾಗ ಬಿಟ್ಟುಕೊಡುತ್ತಿದ್ದರಂತೆ.

ಅವಳಿಗೆ ನಾಲ್ಕು ವರ್ಷಕ್ಕೆ ಹಿರಿಯ ಅಣ್ಣನೊಬ್ಬನಿದ್ದ. ಅದೇ ಕೇಂದ್ರದಲ್ಲಿ ಬಡಗಿ. ನಾಟಕಗಳಿಗೆ, ಸಂದರ್ಶನಗಳಿಗೆ ಬೇಕಾದ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲವನ್ನೂ ತೆಳು ಹಲಗೆಯಲ್ಲಿ ಮಾಡಿ ನಿಲ್ಲಿಸುವುದು ಅವನ ಕೆಲಸ. ಆಸಾಮಿ ಆರೂವರೆ ಅಡಿ ಎತ್ತರ. ಬಾಗಿಲಿದ್ದಲ್ಲೆಲ್ಲ ತಲೆ ಬಗ್ಗಿಸಿ ಬಗ್ಗಿಸಿ, ಬಾಗಿಲಿಲ್ಲದ ಕಡೆಯೂ ಬಗ್ಗುವ ಅಭ್ಯಾಸವಾಗಿತ್ತು. ಟೇಪಕ್ಕನಿಗೆ ಇಪ್ಪತ್ತಮೂರಾದ ವರ್ಷ ಕೇಂದ್ರದವರು ಒಂದು ಧಾರಾವಾಹಿ ಮಾಡಲು ಹೊರಟರು. ಹೆಸರು ‘ಆಕಾಶ ಅಂಚೆ’. ಗ್ರಹದಿಂದ ಗ್ರಹಕ್ಕೆ ಕಾಗದ ಹೊತ್ತುಕೊಂಡು ತಿರುಗುವ ಒಂದು ಹಡಗು, ಅದರಲ್ಲಿ ಮೂವರು ಅಂಚೆಯವರು, ಅವರ ಜೊತೆಗೆ ಕಾಗದಗಳಿಗೆ ಮೊಹರು ಒತ್ತುವ ಒಬ್ಬ ಲೋಹದ ಮನುಷ್ಯ. ಲೋಹದ ಮನುಷ್ಯನ ವೇಷವನ್ನು ತಗಡು, ಹಲಗೆ, ಒಲೆಯ ಹೊಗೆಕೊಳವೆ, ಕಾರಿನ ದೀಪ ಸೇರಿಸಿ ಮಾಡಿದ್ದರು. ಮಾಡಿದ ಮೇಲೆ ನೋಡಿದರೆ ಅದು ಯಾವ ನಟನಿಗೂ ಹಿಡಿಯದಷ್ಟು ದೊಡ್ಡದಾಗಿತ್ತು. ಒಬ್ಬನನ್ನು ಒಳಗಿಳಿಸಿದರೆ ಕಣ್ಣಿನ ಕಿಂಡಿ ಅವನ ನೆತ್ತಿಯಿಂದ ಒಂದು ಗೇಣು ಮೇಲಿತ್ತು.

ನಿರ್ಮಾಪಕ ಸುತ್ತ ನೋಡಿದ. ಮೂಲೆಯಲ್ಲಿ ಮೊಳೆ ಹೊಡೆಯುತ್ತಿದ್ದ ಅಣ್ಣನ ಮೇಲೆ ಕಣ್ಣು ಬಿತ್ತು.

“ಏ ಉದ್ದಣ್ಣ, ಸುತ್ತಿಗೆ ಕೆಳಗಿಡು. ಸ್ವಲ್ಪ ಇದ್ರೊಳಗೆ ಹೋಗಿ ನಿಂತ್ಕೋ ನೋಡೋಣ.”

ಹಾಗೆ ನಿಂತವನು ಇಪ್ಪತ್ತಾರು ಕಂತು ಮುಗಿಯುವವರೆಗೆ ನಿಂತ. ವೇಷದ ತೂಕ ಇಪ್ಪತ್ತೆಂಟು ಕಿಲೋ. ಕಿಂಡಿ ಎರಡು ಬೆರಳಗಲ. ಅದರಲ್ಲಿ ಎದುರಿನವರ ಸೊಂಟದಿಂದ ಕೆಳಗೆ ಮತ್ತು ನೆಲ ಮಾತ್ರ ಕಾಣುತ್ತಿತ್ತು. ದನಿ ಅವನದಲ್ಲ, ರೇಡಿಯೊದಲ್ಲಿ ವಾರ್ತೆ ಓದುವವರೊಬ್ಬರು ಆಮೇಲೆ ಸೇರಿಸುತ್ತಿದ್ದರು. ಮುಖವಂತೂ ಇಲ್ಲವೇ ಇಲ್ಲ. ಬಡಗಿಗಳ ಪಟ್ಟಿಯಲ್ಲಿದ್ದವನಾದ್ದರಿಂದ ಕೊನೆಯಲ್ಲಿ ಸರಿಯುವ ಹೆಸರುಗಳಲ್ಲಿ ಅವನ ಹೆಸರೂ ಬರಲಿಲ್ಲ. ಅಣ್ಣನಿಗೆ ಅದರ ಬೇಜಾರೇನೂ ಇರಲಿಲ್ಲ. ಬೀದಿಯ ಮಕ್ಕಳೆಲ್ಲ ಲೋಹದ ಮನುಷ್ಯನಿಗೆ ಮೊಹರಪ್ಪ ಎಂದು ಹೆಸರಿಟ್ಟು, ಮೊಣಕಾಲು ಮಡಿಸದೆ ನಡೆಯುವ ಆಟ ಆಡುತ್ತಿದ್ದರು. ಅಣ್ಣ ಕೆಲಸದಿಂದ ಬರುತ್ತ ನಿಂತು ನೋಡಿ, “ಹಾಗಲ್ಲ ಕಣ್ರೋ, ಮೊದಲು ಹಿಮ್ಮಡಿ ಇಡ್ಬೇಕು” ಎಂದು ತಿದ್ದುತ್ತಿದ್ದ. ನಿಮಗೇನ್ ಗೊತ್ತು ಅಂಕಲ್, ಹೋಗಿ, ಎಂದು ಮಕ್ಕಳು ಓಡಿಸುತ್ತಿದ್ದವು.

ತಮಾಷೆಯೆಂದರೆ ಅವನು ಒಂದು ಕಂತನ್ನೂ ನೋಡಲಿಲ್ಲ. ಗುರುವಾರ ಸಂಜೆ ಏಳಕ್ಕೆ ಒಂದು ಕಂತು ಪ್ರಸಾರವಾಗುವ ಹೊತ್ತಿಗೇ ಮೇಲಿನ ಸ್ಟುಡಿಯೊದಲ್ಲಿ ಮುಂದಿನ ಕಂತಿನ ಚಿತ್ರೀಕರಣ ನಡೆಯುತ್ತಿತ್ತು, ಅವನು ಆ ವೇಷದ ಡಬ್ಬದೊಳಗಿರುತ್ತಿದ್ದ. ಕೊನೆಯ ಗುರುವಾರ ಅದೇ ಧಾರಾವಾಹಿಯ ಗೋಡೆಗಳನ್ನು ಬಿಚ್ಚುತ್ತಿದ್ದ. ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಯಂತ್ರಗಳು ಇನ್ನೂ ಬಂದಿರದ ಕಾಲ. “ಎಲ್ಲಿ ಹೋಗುತ್ತೆ, ಪುಟ್ಟಿ ಹತ್ರ ಇದೆಯಲ್ಲ. ಯಾವತ್ತಾದ್ರೂ ಪುರಸೊತ್ತಾಗಿ ನೋಡಿದ್ರಾಯ್ತು” ಎನ್ನುತ್ತಿದ್ದ. ಪುಟ್ಟಿ ಎಂದರೆ ಟೇಪಕ್ಕ. ಆ ಇಪ್ಪತ್ತಾರು ಸುರುಳಿಗಳು ಅವಳ ಕೋಣೆಯ ಎಡಗೋಡೆಯ ಮೂರನೆಯ ಸಾಲಿನಲ್ಲಿದ್ದವು. ಒಂದೊಂದರ ಬೆನ್ನಿಗೂ ಅವಳೇ ದುಂಡಗೆ ಬರೆದು ಚೀಟಿ ಅಂಟಿಸಿದ್ದಳು.

ಧಾರಾವಾಹಿ ಮುಗಿದ ನಾಲ್ಕನೆಯ ವರ್ಷ ಟೇಪಿಗೆ ಬರಗಾಲ ಬಂತು. ಹೊರದೇಶದಿಂದ ಬರಬೇಕಾದ ಸರಕು ಬಂದರಿನಲ್ಲೇ ನಿಂತಿತು. ದಿನವೂ ಕಾರ್ಯಕ್ರಮ ನಡೆಯಲೇಬೇಕು, ಹೊಸ ಟೇಪು ಇಲ್ಲ. ಹಳೆಯದನ್ನು ಅಳಿಸಿ ಬಳಸಿ ಎಂದು ಮೇಲಿನಿಂದ ಆದೇಶವಾಯಿತು. ಪಟ್ಟಿ ಕೆಳಗಿಳಿದು ಟೇಪಕ್ಕನ ಮೇಜಿಗೆ ಬಂತು. ಕಾಲ್ಚೆಂಡಿನ ಪಂದ್ಯಗಳು, ಹೊಲಿಗೆ ಪಾಠ, ಮಂತ್ರಿಗಳ ಭಾಷಣ; ಎರಡನೆಯ ಹಾಳೆಯ ನಡುವಿನಲ್ಲಿ, ಆಕಾಶ ಅಂಚೆ, ಒಂದರಿಂದ ಇಪ್ಪತ್ತಾರು.

ಪಟ್ಟಿ ಹಿಡಿದುಕೊಂಡೇ ನಾಲ್ಕು ಮಹಡಿ ಹತ್ತಿ ಕೇಂದ್ರದ ನಿರ್ದೇಶಕರ ಕೋಣೆಗೆ ಹೋದಳು. ಆ ಕೋಣೆಗೆ ಅವಳು ಹೋದದ್ದು ಅದೇ ಮೊದಲು. ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಭಾನುವಾರ ಮಧ್ಯಾಹ್ನ ಹಳೆಯ ಶ್ರೇಷ್ಠ ಸಿನಿಮಾಗಳನ್ನು ತೋರಿಸುವ ಪದ್ಧತಿ ಶುರುಮಾಡಿದವರೇ ಅವರು. ಅವರಿಗೆ ಸಿನಿಮಾ ಎಂದರೆ ಪ್ರಾಣ.

“ಸಾರ್, ಆ ಸಿನಿಮಾಗಳ ಡಬ್ಬಗಳನ್ನ ಮೂರನೇ ಮಹಡೀಲಿ ಅಷ್ಟು ಜೋಪಾನವಾಗಿ ಇಟ್ಟಿದೀರಿ. ಇದನ್ನೂ ಹಾಗೇ...”

“ಸಿನಿಮಾ ಅಂದ್ರೆ ಸಿನಿಮಾ ಕಣಮ್ಮ” ಎಂದರು ಅವರು ಮೃದುವಾಗಿ. “ಟೀವಿ ಅಂದ್ರೆ ಬೆಳಗಿನ ಪೇಪರ್ ಇದ್ದ ಹಾಗೆ. ನಿನ್ನೆ ಪೇಪರನ್ನ ಯಾರಾದ್ರೂ ಬೀರುವಿನಲ್ಲಿ ಇಟ್ಕೋತಾರಾ? ಒಲೆ ಕೊಳವೆ ಸುತ್ಕೊಂಡು ಒಬ್ಬ ಓಡಾಡೋದನ್ನ ಇನ್ನು ಇಪ್ಪತ್ತು ವರ್ಷ ಬಿಟ್ಟು ಯಾರಮ್ಮ ನೋಡ್ತಾರೆ?”

ಆ ಒಬ್ಬ ನಮ್ಮಣ್ಣ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಸ್ವಂತದ ಕೆಲಸಕ್ಕೆ ಬಂದಿದ್ದಾಳೆ ಎಂದಾಗುತ್ತಿತ್ತು. ಹೇಳದಿದ್ದರೆ ಹೇಳಲು ಬೇರೇನೂ ಇರಲಿಲ್ಲ. ಸ್ವೆಟರಿನ ತೋಳು ಎಳೆದುಕೊಂಡು ಕೆಳಗಿಳಿದು ಬಂದಳು.

ಹನ್ನೊಂದನೆಯ ಕಂತನ್ನಾದರೂ ಉಳಿಸಬೇಕು ಎಂದುಕೊಂಡಳು. ಆ ಕಂತಿನಲ್ಲಿ ಹಡಗು ಮೊಹರಪ್ಪನನ್ನು ಒಂದು ಖಾಲಿ ಗ್ರಹದಲ್ಲಿ ಮರೆತುಬಿಟ್ಟು ಹೋಗುತ್ತದೆ, ಅವನು ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ನಿಂತೇ ಇರುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಪ್ರಸಾರವಾದ ಮರುವಾರ ಕೇಂದ್ರಕ್ಕೆ ಮೂಟೆಗಟ್ಟಲೆ ಕಾಗದ ಬಂದಿದ್ದವು. ಆ ಸುರುಳಿಯನ್ನು ಎತ್ತಿ, ಹರಿದ ಸ್ಟುಡಿಯೊ ಪರದೆಗಳ ರಾಶಿಯ ಕೆಳಗೆ ಬಚ್ಚಿಟ್ಟಳು. ಮೂರು ದಿನ ಹಾಗೇ ಇತ್ತು. ನಾಲ್ಕನೆಯ ದಿನ ಅವಳ ಹಿರಿಯ ಗುಮಾಸ್ತರು ಸಂಖ್ಯೆ ತಾಳೆ ನೋಡಿದರು. ಒಂದು ಕಡಿಮೆ. ಅವರಿಗೆ ನಿವೃತ್ತಿಗೆ ಐದು ವಾರವಿತ್ತು. ಹಿಂದೊಮ್ಮೆ ಎರಡು ಸುರುಳಿ ಕಳುವಾಗಿ ಅವರ ಮೇಲೆ ವಿಚಾರಣೆ ಬೇರೆ ನಡೆದಿತ್ತು.

ಅವರು ಗದರಲಿಲ್ಲ. ಅವಳ ಮೇಜಿನ ಎದುರು ಬಂದು ಕೈಜೋಡಿಸಿ ನಿಂತುಬಿಟ್ಟರು. “ಎಲ್ಲಿಟ್ಟಿದೀಯ ಅಂತ ಕೇಳಲ್ಲಮ್ಮ. ಸಂಜೆಯೊಳಗೆ ಅದ್ರ ಜಾಗದಲ್ಲಿ ಇದ್ರೆ ಸಾಕು. ಈ ವಯಸ್ಸಲ್ಲಿ ನನ್ನ ಕಳ್ಳ ಅನ್ನಿಸ್ಬೇಡ.”

ತಂದೆಯ ವಯಸ್ಸಿನವರು ಕೈಮುಗಿದು ನಿಂತರೆ ಯಾರು ತಾನೆ ಏನು ಮಾಡಿಯಾರು? ಅವಳು ಪರದೆಗಳನ್ನು ಸರಿಸಿ ಸುರುಳಿಯನ್ನು ತಂದಿಟ್ಟಳು.

ಅಳಿಸುವ ಯಂತ್ರ ನೋಡಲು ಅಡುಗೆ ಮನೆಯ ಒಲೆಯ ಹಾಗಿತ್ತು. ಒಳಗೆ ಭಾರಿ ಆಯಸ್ಕಾಂತ. ಸುರುಳಿಯನ್ನು ಮೇಲಿಟ್ಟು, ಗುಂಡಿ ಒತ್ತಿ, ಕೈಯಲ್ಲಿ ನಿಧಾನವಾಗಿ ತಿರುಗಿಸಬೇಕು. ಗುಂಯ್ ಎನ್ನುತ್ತಿತ್ತು. ನಲವತ್ತು ಸೆಕೆಂಡಿಗೆ ಒಂದು ಸುರುಳಿ. ಹತ್ತಿರ ಹೋದರೆ ಗಡಿಯಾರ ನಿಂತುಹೋಗುತ್ತದೆಂದು ಕೈಗಡಿಯಾರ ಬಿಚ್ಚಿ ಮೇಜಿನ ಖಾನೆಯಲ್ಲಿಡುವುದು ವಾಡಿಕೆ. ಟೇಪಕ್ಕ ಗಡಿಯಾರ ಬಿಚ್ಚಿಟ್ಟಳು. ಒಂದರಿಂದ ಶುರುಮಾಡಿದಳು. ಪ್ರತಿ ಸುರುಳಿ ಮುಗಿದ ಮೇಲೂ ರಿಜಿಸ್ಟರಿನಲ್ಲಿ ‘ಅಳಿಸಲಾಗಿದೆ’ ಎಂದು ಬರೆದು ಸಹಿ ಹಾಕಬೇಕು. ಹಾಕಿದಳು. ಅಳಿಸಿದ ಸುರುಳಿಯೂ ಅಳಿಸದ ಸುರುಳಿಯೂ ನೋಡಲು ಒಂದೇ ತರಹ, ಅದೇ ಕಂದು ಬಣ್ಣ, ಅದೇ ತೂಕ. ಹರಿದೋ ಸುಟ್ಟೋ ಹೋಗಿದ್ದರೆ ಕಣ್ಣಿಗಾದರೂ ಕಾಣುತ್ತಿತ್ತು.

ಆ ವಾರ ಅಣ್ಣ ಏನೋ ನೆನಪಾಗಿ ಕೇಳಿದ, “ನಮ್ ಡಬ್ಬದ ಟೇಪು ಹೇಗಿದೆಯೇ?”

“ಇದೆ. ಭದ್ರವಾಗಿದೆ” ಎಂದಳು.

ಅವತ್ತೊಂದು ದಿನದ ಮಟ್ಟಿಗೆ ಎಂದು ಹೇಳಿದ ಮಾತು. ನಾಳೆ ಹೇಳೋಣ, ಅವನ ಮನಸ್ಸು ನೆಟ್ಟಗಿರುವಾಗ ಹೇಳೋಣ ಎಂದುಕೊಂಡಳು. ಅಣ್ಣನಿಗೆ ಆಗ ಮಗಳು ಹುಟ್ಟಿದ್ದಳು, ಮನೆಯಲ್ಲಿ ಸಂಭ್ರಮ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಆಮೇಲೆ ಟೇಪಕ್ಕನ ಗಂಡ ತೀರಿಕೊಂಡು ಅವಳೇ ಅಣ್ಣನ ಮನೆಗೆ ಬಂದಳು. ಪ್ರತಿ ವರ್ಷ ಹೇಳದಿರಲು ಒಂದು ಕಾರಣ ಸಿಗುತ್ತಲೇ ಹೋಯಿತು. ಹೀಗೆ ಮೂವತ್ತೊಂಬತ್ತು ವರ್ಷ.

ಅಷ್ಟರಲ್ಲಿ ಅಣ್ಣನ ಶ್ವಾಸಕೋಶ ಹಾಳಾಗಿತ್ತು. ಜೀವಮಾನವಿಡೀ ಕುಡಿದ ಮರದ ಹೊಟ್ಟಿನ ಧೂಳು. ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಬುಸುಗುಡುವ ಯಂತ್ರವಿಟ್ಟುಕೊಂಡು, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಮಧ್ಯಾಹ್ನ ಟೀವಿಯಲ್ಲಿ ಹಳೆಯ ಕಪ್ಪುಬಿಳುಪು ಸಿನಿಮಾಗಳು ಬರುತ್ತಿದ್ದವು. ಅವೆಲ್ಲ ಅವನಿಗೆ ಬಾಯಿಪಾಠ. ಮಾತಿಗೆ ಮುಂಚೆ ಮಾತು ಹೇಳುತ್ತಿದ್ದ, ಉಸಿರು ಸಾಲದೆ ನಡುವೆ ನಿಲ್ಲಿಸುತ್ತಿದ್ದ. ಒಂದು ದಿನ ಸಿನಿಮಾ ನೋಡುತ್ತ ನೋಡುತ್ತ ಅಂದ:

“ಇವ್ರಲ್ಲಿ ಒಬ್ರೂ ಬದುಕಿಲ್ಲ ನೋಡೇ. ಎಲ್ಲಾ ಸತ್ತಿದಾರೆ. ಆದ್ರೂ ದಿನಾ ಮಧ್ಯಾಹ್ನ ಬಂದು ನಗ್ತಾರೆ, ಅಳ್ತಾರೆ, ಕುದುರೆ ಹತ್ತುತಾರೆ. ನಾನು ಬದುಕಿದೀನಿ, ನಾನೇ ಎಲ್ಲೂ ಇಲ್ಲ.”

ಅತ್ತಿಗೆ ಒಳಗಿನಿಂದಲೇ ಕೂಗಿದಳು, “ಕುದುರೆ ಹತ್ತೋದು ಆಮೇಲೆ, ಮೊದಲು ಮಾತ್ರೆ ನುಂಗಿ.”

ಟೇಪಕ್ಕ ಎದ್ದು ಅಡುಗೆ ಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಇದಾದ ಕೆಲವೇ ದಿನಕ್ಕೆ ಟೆಲಿವಿಷನ್ ಕೇಂದ್ರದಿಂದ ಒಬ್ಬಾಕೆ ಬಂದಳು. ಮೂವತ್ತೈದರ ಆಸುಪಾಸು, ದಪ್ಪ ಗಾಜಿನ ಕನ್ನಡಕ. ಕೇಂದ್ರಕ್ಕೆ ಐವತ್ತು ವರ್ಷ ತುಂಬುತ್ತಿದೆ, ಹಳೆಯ ಧಾರಾವಾಹಿಗಳ ಮೇಲೆ ಕಾರ್ಯಕ್ರಮ ಮಾಡುತ್ತಿದ್ದೇನೆ ಎಂದಳು. ಬಡಗಿಗಳ ಗುಂಪಿನ ಹಳೆಯ ಫೋಟೊ ಒಂದರಲ್ಲಿ ಅಣ್ಣ ಲೋಹದ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದನಂತೆ. ಅದರ ಜಾಡು ಹಿಡಿದು ಬಂದಿದ್ದಳು.

“ಮೊಹರಪ್ಪ ನೀವೇನಾ ಸಾರ್? ನಿಮಗೆ ಗೊತ್ತಿಲ್ಲ, ಇವತ್ತಿಗೂ ನಿಮ್ಮ ಬಗ್ಗೆ ಮಾತಾಡೋರ ಒಂದು ದೊಡ್ಡ ಗುಂಪೇ ಇದೆ. ಎಲ್ರೂ ಆಗ ಚಿಕ್ಕ ಮಕ್ಕಳಾಗಿದ್ದೋರು. ಒಂದು ಕಂತಾದ್ರೂ ಸಿಕ್ಕಿದ್ರೆ ಸಾಕು ಅಂತಾರೆ.”

ಅಣ್ಣನ ಮುಖ ಊರಗಲ ಆಯಿತು. “ಒಂದ್ಯಾಕಮ್ಮ, ಇಪ್ಪತ್ತಾರೂ ಇದೆ. ನಮ್ ತಂಗಿ ಹತ್ರ ಕೇಳು. ಅವಳೇ ಇಟ್ಟಿದ್ದು. ನನಗೂ ಒಂದ್ಸಲ ತೋರಿಸ್ಬಿಡಿ, ನೋಡೇ ಇಲ್ಲ ನಾನು.”

ಕನ್ನಡಕದಾಕೆ ಟೇಪಕ್ಕನ ಕಡೆ ತಿರುಗಿದಳು. ನೋಡಿದ ತಕ್ಷಣ ಟೇಪಕ್ಕನಿಗೆ ತಿಳಿಯಿತು, ಇವಳಿಗೆ ಎಲ್ಲ ಗೊತ್ತು. ಆಕೆ ಅಣ್ಣನ ಎದುರು ತುಟಿ ಪಿಟಕ್ಕೆನ್ನಲಿಲ್ಲ. ಅವನನ್ನು ಕೂರಿಸಿ ಅರ್ಧ ಗಂಟೆ ಮಾತಾಡಿಸಿ ಚಿತ್ರೀಕರಿಸಿಕೊಂಡಳು. ಹೊರಡುವಾಗ ಬಾಗಿಲಾಚೆ ಚಪ್ಪಲಿ ಮೆಟ್ಟುತ್ತ ತಗ್ಗಿದ ದನಿಯಲ್ಲಿ ಹೇಳಿದಳು:

“ರಿಜಿಸ್ಟರ್ ಸಿಕ್ಕಿದೆ ಮೇಡಂ. ಇಪ್ಪತ್ತಾರು ಸಲ ನಿಮ್ಮ ಸಹಿ ಇದೆ.”

“ಹೌದು.”

“ಅವ್ರಿಗೆ ಹೇಳಿಲ್ವಾ?”

ಟೇಪಕ್ಕ ಇಲ್ಲವೆಂದು ತಲೆಯಾಡಿಸಿದಳು. ಕನ್ನಡಕದಾಕೆ ಇನ್ನೊಂದು ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಒಂದು ವಿಷಯ ಹೇಳಿದಳು. ಬೇರೆ ದೇಶದ ಕೇಂದ್ರಗಳಿಗೆ ಕಳಿಸಲೆಂದು ಕೆಲವು ಕಂತುಗಳನ್ನು ಆಗ ಟೀವಿ ಪರದೆಯಿಂದಲೇ ಫಿಲ್ಮಿಗೆ ಇಳಿಸಿದ್ದರಂತೆ. ಅದು ಮೂರನೇ ಮಹಡಿಯವರ ಕೆಲಸ, ನೆಲಮಾಳಿಗೆಗೆ ಸುದ್ದಿ ಬಂದಿರಲಿಲ್ಲ. ಹಳೆಯ ಸಿನಿಮಾಗಳನ್ನು ಕೂಡಿಡುವ ಒಬ್ಬ ಟಾಕೀಸು ಯಜಮಾನರ ಹತ್ತಿರ ‘ಆಕಾಶ ಅಂಚೆ ೧೧’ ಎಂದು ಬರೆದ ಡಬ್ಬವೊಂದು ಇದೆಯಂತೆ. “ನಾಳಿದ್ದು ಹೋಗ್ತಿದೀನಿ. ಬರ್ತೀರಾ?”

ಹನ್ನೊಂದು ಎಂದು ಕೇಳಿ ಟೇಪಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣನಿಗೆ ಅರ್ಧ ಮಾತ್ರ ಹೇಳಿದಳು: ನಾಳಿದ್ದು ಹೋಗಿ ಒಂದು ಕಂತು ತರುತ್ತೇವೆ. ಅವನು ಅವತ್ತೇ ಅತ್ತಿಗೆಯ ಕೈಲಿ ಟೀವಿಯ ಧೂಳು ಒರೆಸಿಸಿದ.

ಟಾಕೀಸು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕೆಳಗೆ ಹಾಸಿಗೆ ಅಂಗಡಿಯವರು ಗೋದಾಮು ಮಾಡಿಕೊಂಡಿದ್ದರು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಹಳೆಯ ಪ್ರೊಜೆಕ್ಟರ್ ಕೋಣೆ. ಅಲ್ಲಿ ಯಜಮಾನರು ಒಬ್ಬರೇ, ಡಬ್ಬಗಳ ನಡುವೆ, ಬನಿಯನ್ನಿನಲ್ಲಿ ಕೂತಿದ್ದರು. ಒಳಗೆ ಕಾಲಿಡುತ್ತಲೇ ವಿನಿಗರ್ ಶೀಸೆ ಒಡೆದಂತೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಟೇಪಕ್ಕ ಸೆರಗು ಮೂಗಿಗೆ ಒತ್ತಿಕೊಂಡಳು.

“ಅದು ಫಿಲ್ಮು ಸಾಯೋ ವಾಸನೆ” ಎಂದರು ಅವರು. “ಅಂಟುರೋಗ ಇದು. ಒಂದು ಡಬ್ಬಕ್ಕೆ ಬಂದ್ರೆ ಪಕ್ಕದ್ದಕ್ಕೂ ಹತ್ತುತ್ತೆ. ಎಂಥೆಂಥ ಸಿನಿಮಾ ಇಟ್ಟಿದ್ದೆ ತಾಯಿ! ಜನ ಸಾಲುಗಟ್ಟಿ ನಿಂತು ನೋಡಿದ ಸಿನಿಮಾಗಳು. ರೋಗ ಬಂದಿರೋದನ್ನ ಎಸೆದ್ರೆ ಮಿಕ್ಕಿದ್ದು ಉಳಿಯುತ್ತೆ ಅಂತಾರೆ. ಎಸೆಯೋಕೆ ಕೈ ಬರಲ್ಲ. ಹೀಗೇ ಕೂತು ಎಲ್ಲ ಸಾಯೋದನ್ನ ನೋಡ್ತಿದೀನಿ.”

ಡಬ್ಬ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರು. ಒಳಗಿನ ಫಿಲ್ಮು ಅಲೆಅಲೆಯಾಗಿ ಸೊಟ್ಟಗಾಗಿ, ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿ, ಮರದ ಬಿಲ್ಲೆಯಂತೆ ಗಟ್ಟಿಯಾಗಿತ್ತು. ಯಜಮಾನರು ಉಸಿರು ಬಿಗಿಹಿಡಿದು ಹೊರಗಿನ ಸುತ್ತನ್ನು ಉಗುರಿನಲ್ಲಿ ಬಿಡಿಸಿದರು. ಒಂದು ಮಾರಿನಷ್ಟು ಬಂತು. ಕನ್ನಡಕದಾಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂವರೂ ಬಗ್ಗಿ ನೋಡಿದರು. ಎಂಟು. ಏಳು. ಆರು. ಐದು. ಚಿತ್ರಕ್ಕೆ ಮುಂಚೆ ಬರುವ ಅಂಕಿಗಳು. ನಾಲ್ಕು ಬಂತು, ಮೂರು ಬಂತು, ಅಲ್ಲಿಗೆ ಫಿಲ್ಮು ಪಟ್ಟೆಂದು ಮುರಿಯಿತು. ಮುಂದಿನದನ್ನು ಎಬ್ಬಿಸಲು ಹೋದರೆ ಚಿತ್ರದ ಪದರವೇ ಪುಡಿಯಾಗಿ ಬೆರಳಿಗೆ ಹತ್ತಿತು.

“ಏನೂ ಮಾಡಕ್ಕಾಗಲ್ವಾ? ದೊಡ್ಡ ಲ್ಯಾಬಿಗೆ ಕಳ್ಸಿದ್ರೆ?” ಎಂದಳು ಕನ್ನಡಕದಾಕೆ.

“ಹತ್ತು ವರ್ಷದ ಹಿಂದೆ ಬಂದಿದ್ರೆ ಆಗ್ತಿತ್ತೇನೋ” ಎಂದರು ಯಜಮಾನರು. ಬೆರಳಿನ ಪುಡಿಯನ್ನು ಎಲ್ಲಿ ಒರೆಸುವುದೆಂದು ತೋಚದೆ ಕೈ ಚಾಚಿಕೊಂಡೇ ನಿಂತಿದ್ದರು.

ಟೇಪಕ್ಕ ಮನೆಗೆ ಬಂದಾಗ ಅಣ್ಣ ಒಗೆದ ಅಂಗಿ ತೊಟ್ಟು, ಕುರ್ಚಿಯನ್ನು ಟೀವಿಯ ಕಡೆ ತಿರುಗಿಸಿಕೊಂಡು ಕೂತಿದ್ದ. ಅವಳ ಬರಿಗೈ ನೋಡಿದ. ಇನ್ನೊಂದು ಸುಳ್ಳು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವಳು ತೀರಾ ದಣಿದಿದ್ದಳು.

“ಅಣ್ಣ, ಫಿಲ್ಮು ಹಾಳಾಗಿದೆ. ಟೇಪೂ ಇಲ್ಲ. ಯಾವತ್ತೋ ಅಳ್ಸಿಬಿಟ್ರು.”

ಯಂತ್ರ ಬುಸುಗುಡುತ್ತಿತ್ತು. ಅತ್ತಿಗೆ ಬಾಗಿಲಲ್ಲಿ ನಿಂತಳು.

“ಎಷ್ಟನ್ನ?”

“ಎಲ್ಲಾ.”

“ಯಾರು ಅಳ್ಸಿದ್ದು?”

“ನಾನೇ.”

ಅವನು ಅವಳ ಕೈಗಳನ್ನೇ ನೋಡಿದ. ಆಮೇಲೆ ಬಡಗಿ ಅಳತೆ ಕೇಳುವ ದನಿಯಲ್ಲಿ ಕೇಳಿದ, “ಒಂದಕ್ಕೆ ಎಷ್ಟು ಹೊತ್ತು ಹಿಡೀತಿತ್ತು?”

“ನಲವತ್ತು ಸೆಕೆಂಡು.”

ಮನಸ್ಸಿನಲ್ಲೇ ಗುಣಿಸಿದ. “ಹದಿನೇಳು ನಿಮಿಷ. ಆರು ತಿಂಗಳು ಅದ್ರೊಳಗೆ ಬೆಂದಿದೀನಿ ಕಣೇ. ಬೆನ್ನು ಇವತ್ತಿಗೂ ನೆಟ್ಟಗಾಗಿಲ್ಲ.” ಅಷ್ಟು ಹೇಳಿ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳಲು ಹೋದ. ಬಲ ಸಾಲಲಿಲ್ಲ. ಟೇಪಕ್ಕ ತಿರುಗಿಸಲು ಬಂದಳು, ಬೇಡ ಎಂದು ಕೈ ಅಡ್ಡ ಹಿಡಿದ. ಅತ್ತಿಗೆ ಬಂದು ತಿರುಗಿಸಿದಳು.

ಹನ್ನೊಂದು ದಿನ ಅವನು ತಂಗಿಯ ಜೊತೆ ಮಾತು ಬಿಟ್ಟ. ನೀರು ಬೇಕಾದರೆ ಅತ್ತಿಗೆಯನ್ನು ಕರೆಯುತ್ತಿದ್ದ. ಅವಳು ಹೊರಗೆ ಹೋಗಿದ್ದರೆ ಅವಳು ಬರುವವರೆಗೂ ಗಂಟಲು ಒಣಗಿಸಿಕೊಂಡು ಕೂತಿರುತ್ತಿದ್ದ. ಟೇಪಕ್ಕ ಲೋಟ ತಂದಿಟ್ಟರೆ ಮುಟ್ಟುತ್ತಿರಲಿಲ್ಲ. ಒಮ್ಮೆ ಅವಳು ತಡೆಯಲಾರದೆ, “ನಾನೇನು ಮಾಡ್ಬೇಕಿತ್ತು ಹೇಳಣ್ಣ? ಕೆಲಸ ಬಿಡ್ಬೇಕಿತ್ತಾ? ಬಿಟ್ಟಿದ್ರೆ ಇನ್ನೊಬ್ರು ಅಳಿಸ್ತಿದ್ರು” ಎಂದಳು. ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಅತ್ತಿಗೆಗೆ ಹೇಳಿದನಂತೆ: ಅಳಿಸಿದ್ದಕ್ಕಲ್ಲ ಕೋಪ, ಇಷ್ಟು ವರ್ಷ ಇದೆ ಇದೆ ಅಂತ ನಂಬಿಸಿದ್ದಕ್ಕೆ.

ಹನ್ನೆರಡನೆಯ ದಿನ ಮಧ್ಯಾಹ್ನ, ಟೀವಿಯಲ್ಲಿ ಯಾವುದೋ ಹಳೆಯ ಸಿನಿಮಾ ಓಡುತ್ತಿದ್ದಾಗ, ಅವನು ತಲೆ ತಿರುಗಿಸದೆ ಕೇಳಿದ, “ಆ ಹನ್ನೊಂದನೇದ್ರಲ್ಲಿ, ನನ್ ಕೈಲಿ ಒಂದು ಕಾಗದ ಇತ್ತಲ್ಲ. ಅದು ಯಾರಿಗೆ ಬಂದಿದ್ದು?”

ತನ್ನನ್ನೇ ಕೇಳುತ್ತಿದ್ದಾನೆ ಎಂದು ಟೇಪಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. “ಯಾರಿಗೋ... ನಿನಗೆ ಗೊತ್ತಿರ್ಬೇಕಲ್ಲ ಅಣ್ಣ?”

“ನನಗೇನ್ ಗೊತ್ತು? ಕಿಂಡೀಲಿ ಲೈಟಿನವನ ಚಪ್ಪಲಿ ಕಾಣ್ತಿತ್ತು. ನೆಲಕ್ಕೆ ಮರದ ಹೊಟ್ಟು ಹಾಕಿದ್ರು, ಮರಳು ಅಂತ. ಮೂರು ಗಂಟೆ ನಿಂತಿದ್ದೆ. ಕಟ್ ಅಂದ್ರು, ಮನೆಗೆ ಬಂದೆ. ನೀನು ಗುರುವಾರ ಟೇಪು ಓಡಿಸೋ ಯಂತ್ರದ ಮುಂದೇನೇ ಇರ್ತಿದ್ದೆಯಲ್ಲ, ನೋಡಿಲ್ವಾ?”

ಟೇಪಕ್ಕ ನೆನಪಿಸಿಕೊಳ್ಳಲು ಹೆಣಗಿದಳು. ಅವಳಿಗೆ ನೆನಪಾದದ್ದು ಸುರುಳಿಯ ಸಂಖ್ಯೆ, ಇಪ್ಪತ್ತಾರು ನಿಮಿಷ ಹತ್ತು ಸೆಕೆಂಡು ಎಂಬ ಅವಧಿ, ಹದಿನಾಲ್ಕನೆಯ ನಿಮಿಷದಲ್ಲಿ ಟೇಪು ಒಂದು ಸಲ ಜಾರಿ ಚಿತ್ರ ಅಲ್ಲಾಡಿದ್ದು. ಚಿತ್ರ ಅಲ್ಲಾಡುತ್ತದೆಯೇ ಎಂದು ಯಂತ್ರದ ಅಳತೆಯ ಮುಳ್ಳಿನ ಮೇಲೆ ಕಣ್ಣಿಟ್ಟು ಕೂರುವುದು ಅವಳ ಕೆಲಸವಾಗಿತ್ತು; ಚಿತ್ರದಲ್ಲಿ ಏನಿದೆ ಎಂದು ನೋಡುವುದಲ್ಲ. “ಇಲ್ಲಣ್ಣ” ಎಂದಳು, ಅಪರಾಧಿಯ ಹಾಗೆ.

“ಅತ್ತಿಗೆ ನೋಡಿರ್ಬೇಕು” ಎಂದಳು ಆಮೇಲೆ.

ಅತ್ತಿಗೆ ಸೊಪ್ಪು ಬಿಡಿಸುತ್ತ ಕೂತಿದ್ದಳು. “ನೋಡಿದೀನಿ. ಪಕ್ಕದ ಮನೇಲಿ ಕೂತು ಇಪ್ಪತ್ತಾರೂ ನೋಡಿದೀನಿ. ಅದು ನಮ್ಮೆಜಮಾನ್ರು ಅಂದ್ರೆ ಅವ್ರು ನಂಬ್ತಾನೇ ಇರ್ಲಿಲ್ಲ.”

“ಹಾಗಾದ್ರೆ ಹೇಳು, ಕಾಗದ ಯಾರಿಗೆ?” ಅಣ್ಣ ಮುಂದಕ್ಕೆ ಬಾಗಿದ.

ಅತ್ತಿಗೆಯ ಕೈ ನಿಂತಿತು. “ಅದು ಗೊತ್ತಿಲ್ಲಪ್ಪ. ನಾನು ಬರೀ ನಿಮ್ಮ ಕಾಲು ನೋಡ್ತಿದ್ದೆ, ಎಲ್ಲಿ ಎಡವಿ ಬೀಳ್ತೀರೋ ಅಂತ.”

ಅಣ್ಣನಿಗೆ ನಗು ಬಂತು. ನಕ್ಕಿದ್ದೇ ಕೆಮ್ಮು ಹತ್ತಿತು. ಕೆಮ್ಮು ನಿಲ್ಲಲೇ ಇಲ್ಲ. ಟೇಪಕ್ಕ ಬೆನ್ನು ಸವರಿದಳು, ಈ ಸಲ ಅವನು ಕೈ ತಳ್ಳಲಿಲ್ಲ. ಯಂತ್ರದ ಗುಂಡಿ ಹೆಚ್ಚು ಮಾಡಿದರು, ಕಿಟಕಿ ತೆಗೆದರು. ತುಟಿ ನೀಲಿಗಟ್ಟುತ್ತಿತ್ತು. ಅವತ್ತು ಆಸ್ಪತ್ರೆಗೆ ಹೋದವನು ಹದಿನೈದು ದಿನ ಅಲ್ಲಿದ್ದು, ಮನೆಗೆ ಬಂದು, ಮತ್ತೆ ಹೋಗಿ, ಮೂರನೆಯ ಸಲ ಹೋದಾಗ ಬರಲಿಲ್ಲ. ನಡುವೆ ಮಾತಾಡುವಷ್ಟು ಉಸಿರಿದ್ದ ದಿನಗಳಲ್ಲಿ ಆ ಕಾಗದದ ಬಗ್ಗೆ ಮೂವರೂ ಏನೇನೋ ಊಹೆ ಕಟ್ಟಿದರು. ಒಂದೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಕನ್ನಡಕದಾಕೆ ಆ ಗುಂಪಿನವರನ್ನೆಲ್ಲ ಕೇಳಿ ನೋಡಿದಳು. ಒಬ್ಬರು ತಾಯಿಗೆ ಎಂದರು, ಒಬ್ಬರು ಅದು ಖಾಲಿ ಹಾಳೆ ಎಂದರು, ಇಬ್ಬರು ಫೋನಿನಲ್ಲೇ ಜಗಳಕ್ಕೆ ಬಿದ್ದರಂತೆ. ಟೇಪಕ್ಕ ಆಸ್ಪತ್ರೆಯಲ್ಲಿ ಅದನ್ನು ಅಣ್ಣನ ಕಿವಿಯಲ್ಲಿ ಹೇಳಿದಳು. ಕೇಳಿಸಿತೋ ಇಲ್ಲವೋ. ಮಂಚದ ತಲೆಯ ಬಳಿ ನಿಂತು, ಅವನ ಉದ್ದಕ್ಕೆ ಸಾಲದೆ ಹೊರಗೆ ಚಾಚಿದ್ದ ಪಾದಗಳನ್ನು ನೋಡುತ್ತಿದ್ದಳು. ಹೊದಿಕೆಯನ್ನು ಪಾದಕ್ಕೆ ಎಳೆದರೆ ಎದೆ ಬಿಟ್ಟುಹೋಗುತ್ತಿತ್ತು, ಎದೆಗೆ ಹೊದಿಸಿದರೆ ಕಾಲು.

ಅವನು ಹೋಗಿ ಆರು ವಾರವಾದ ಮೇಲೆ ಕನ್ನಡಕದಾಕೆ ಫೋನ್ ಮಾಡಿದಳು. ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು, ಅದನ್ನು ಅದುಮಿಡಲು ಪಡುತ್ತಿದ್ದ ಪಾಡೂ ಕೇಳಿಸುತ್ತಿತ್ತು. ಹೊರದೇಶದ ಒಂದು ಕೇಂದ್ರದ ಉಗ್ರಾಣದಲ್ಲಿ ಒಂದು ಕಂತು ಸಿಕ್ಕಿದೆ, ಚೆನ್ನಾಗಿದೆ, ಓಡುತ್ತದೆ. ಕಾಗದಪತ್ರ ಆಗಿ ಬರಲು ಏಳೆಂಟು ತಿಂಗಳಾಗಬಹುದು.

“ಯಾವ್ದು? ಎಷ್ಟನೇದು?” ಎಂದಳು ಟೇಪಕ್ಕ.

“ಹತ್ತೊಂಬತ್ತು ಮೇಡಂ.”

ಹತ್ತೊಂಬತ್ತನೆಯ ಕಂತಿನ ಚಿತ್ರೀಕರಣದ ವಾರ ಅಣ್ಣ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದ. ಕಾಲಿಗೆ ಮರದ ತುಂಡು ಕಟ್ಟಿ ಎತ್ತರ ಮಾಡಿ, ಒಬ್ಬ ಲೈಟಿನವನನ್ನು ಡಬ್ಬದೊಳಗೆ ನಿಲ್ಲಿಸಿದ್ದರು. ಇಪ್ಪತ್ತಾರರಲ್ಲಿ ಅಣ್ಣ ಇಲ್ಲದ್ದು ಅದೊಂದೇ.

“ಮೇಡಂ? ಕೇಳಿಸ್ತಿದೆಯಾ?”

“ಕೇಳಿಸ್ತಿದೆಯಮ್ಮ. ಒಳ್ಳೇದಾಯ್ತು” ಎಂದು ಫೋನ್ ಇಟ್ಟಳು.

ಅತ್ತಿಗೆ ಅಷ್ಟರಲ್ಲೇ ಕೈ ಒರೆಸಿಕೊಂಡು ಓಡಿ ಬಂದಿದ್ದಳು. ಅರ್ಧ ಮಾತು ಕೇಳಿಸಿಕೊಂಡು ಅವಳ ಮುಖ ಅರಳಿತ್ತು. ಎಷ್ಟೋ ದಿನದಿಂದ ಆ ಮುಖ ಹಾಗೆ ಆಗಿರಲಿಲ್ಲ. “ಸಿಕ್ತಂತಾ? ಇವ್ರದ್ದು ಸಿಕ್ತಂತೇನೇ?”

ಟೇಪಕ್ಕನಿಗೆ ಹೌದು ಎನ್ನುವುದು ಎಷ್ಟು ಸುಲಭವಿತ್ತು! ಮುಖ ಕಾಣದ ವೇಷ, ಬೇರೆಯವರ ದನಿ. ಯಾರಿಗೆ ಗೊತ್ತಾಗುತ್ತಿತ್ತು?

“ಸಿಕ್ಕಿದೆ ಅತ್ತಿಗೆ. ಆದ್ರೆ ಅದ್ರಲ್ಲಿ ಅಣ್ಣ ಇಲ್ಲ. ಕಾಮಾಲೆ ಆಗಿತ್ತಲ್ಲ, ಆ ವಾರದ್ದು.”

ಅತ್ತಿಗೆ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಮಡಿಲಲ್ಲಿ ಒದ್ದೆ ಬಟ್ಟೆ ಹಿಂಡಿದಳು. ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಹತ್ತುತ್ತಿರಲಿಲ್ಲ.

“ಬಂದಾಗ ಹೇಳು” ಎಂದಳು ಕೊನೆಗೆ. “ಹೋಗಿ ನೋಡಿ ಬರೋಣ. ಮನೇಲಿ ಕೂತು ತಾನೇ ಏನ್ ಮಾಡೋದು.”

ಎಂಟು ತಿಂಗಳು ಕಳೆದು ಇನ್ನೂ ಎರಡಾಯಿತು. ಕಾಗದಪತ್ರದಲ್ಲಿ ಒಂದು ಸಹಿ ಬಾಕಿಯಿದೆ ಎಂದು ಕನ್ನಡಕದಾಕೆ ಹೇಳುತ್ತಿರುತ್ತಾಳೆ. ಅತ್ತಿಗೆ ವಾರಕ್ಕೊಮ್ಮೆ ಕೇಳುತ್ತಾಳೆ, ಬಂತಾ ಎಂದು. ಇನ್ನೂ ಇಲ್ಲ ಎನ್ನುತ್ತಾಳೆ ಟೇಪಕ್ಕ.